ಹೆಬ್ಬಾವಿನ ಜೊತೆ ದಿನಕ್ಕೆ ಹದಿನೈದು ನಿಮಿಷ

ನಾನು ಯಾವ ಊರಲ್ಲಿ ಮನೆ ಮಾಡಿದರೂ, ಆ ಊರು ಬಿಟ್ಟು ಹೋಗುವವರು ಒಯ್ಯಲಾಗದ್ದನ್ನು ತಂದು ನನ್ನ ಬಾಗಿಲಲ್ಲಿ ಇಡುತ್ತಾರೆ. ಹಣೆಬರಹವೋ ಮುಖಲಕ್ಷಣವೋ ಗೊತ್ತಿಲ್ಲ. ದಾರೆಸ್ಸಲಾಮಿನಲ್ಲಿ ಗುಜರಾತಿ ಬೈಗುಳ ಬಿಟ್ಟು ಬೇರೇನೂ ಬಾರದ ಗಿಳಿ ಸಿಕ್ಕಿತು. ಬಹರೈನಿನಲ್ಲಿ ಪಿಯಾನೋ ಸಿಕ್ಕಿತು. ಅದನ್ನು ಮೂರನೇ ಮಹಡಿಗೆ ಹೇಗೆ ಹತ್ತಿಸಿದರೆಂದು ಯಾರಿಗೂ ನೆನಪಿರಲಿಲ್ಲ, ಇಳಿಸುವುದು ಯಾರಿಗೂ ಗೊತ್ತಿರಲಿಲ್ಲ. ಎರಡನ್ನೂ ಮುಂದಿನವರಿಗೆ ದಾಟಿಸಿ ವಿಮಾನ ಹತ್ತಿದೆ. ನನ್ನ ಕಾಲಲ್ಲಿ ಚಕ್ರ ಇದೆಯೆಂದು ಅಮ್ಮ ಹೇಳುತ್ತಿದ್ದದ್ದು ಸುಳ್ಳಲ್ಲ. ಒಂದೂರಲ್ಲಿ ಎರಡು ವರ್ಷ ಆಯಿತೆಂದರೆ ಸೂಟ್‌ಕೇಸು ತಾನಾಗಿ ಮಂಚದಡಿಯಿಂದ ಹೊರಗೆ ಬರುತ್ತದೆ.

ತೊಂಬತ್ತರ ದಶಕದ ಆರಂಭದಲ್ಲಿ ಒಮಾನಿಗೆ ಬಂದೆ. ಕೆಲಸ ರುಸೈಲಿನ ಒಂದು ಪೈಪು ಕಾರ್ಖಾನೆಯ ಆಫೀಸಿನಲ್ಲಿ, ಮನೆ ಮಸ್ಕತ್ತಿನ ಅಂಚಿನ ಅಲ್ ಖೌದ್‌ನಲ್ಲಿ. ಇಲ್ಲಿ ನನ್ನ ಪಾಲಿಗೆ ಬಂದದ್ದು ಹೆಬ್ಬಾವು.

1. ಗುಲಾಬಿ ಮುಳ್ಳು

ನಮ್ಮ ಕಾರ್ಖಾನೆಯಲ್ಲಿ ಸ್ಕಾಟ್ಲೆಂಡಿನ ಒಬ್ಬ ಎಂಜಿನಿಯರ್ ಇದ್ದ. ಕಾಂಟ್ರಾಕ್ಟ್ ಮುಗಿದು ಹೊರಡುವ ವಾರ ನನ್ನ ಮೇಜಿನ ಮುಂದೆ ಬಂದು ನಿಂತ.

"ನಿನಗೆ ಪ್ರಾಣಿಗಳೆಂದರೆ ಇಷ್ಟ ಅಲ್ಲವೇ?"

"ಯಾರು ಹೇಳಿದರು?"

"ಯಾರೂ ಇಲ್ಲ. ಮುಖ ನೋಡಿದರೆ ಗೊತ್ತಾಗುತ್ತದೆ."

ನಾನು ಆ ಕ್ಷಣವೇ ಎದ್ದು ಫೈಲು ಹುಡುಕುವ ನೆಪದಲ್ಲಿ ಒಳಗೆ ಹೋಗಬೇಕಿತ್ತು. ಹೋಗಲಿಲ್ಲ. ಅವನ ಬಳಿ ಆಫ್ರಿಕದ ಸಣ್ಣ ಜಾತಿಯ ಹೆಣ್ಣು ಹೆಬ್ಬಾವಿತ್ತು. ನಾಲ್ಕಡಿ ಉದ್ದ, ಮುಂಗೈಯಷ್ಟು ದಪ್ಪ, ಹೆಸರು ಡಚೆಸ್. ಅದನ್ನು ಅವನಿಗೂ ಯಾರೋ ಬಿಟ್ಟುಹೋದದ್ದಂತೆ. ಗಾಜಿನ ಪೆಟ್ಟಿಗೆ, ಕಾವಿಗೆ ಒಂದು ಬಲ್ಬು, ಫ್ರೀಜರಿನಲ್ಲಿ ಇಡಲು ಒಂದು ಚೀಲ ಸತ್ತ ಕೋಳಿಮರಿ, ಸಾಕುವ ಕ್ರಮ ಬರೆದ ಒಂದು ಹಾಳೆ. ಡಚೆಸ್ ಜೊತೆ ಬಂದ ವರದಕ್ಷಿಣೆ ಇಷ್ಟು.

"ವಿಷ ಇಲ್ಲ. ಬಹಳ ಮೃದು ಸ್ವಭಾವ. ಸ್ವಲ್ಪ ಅಂಜುಬುರುಕಿ, ಅಷ್ಟೆ" ಎಂದ.

ಹೇಳುವಾಗ ಅವನ ಎರಡು ಕೈಯಲ್ಲೂ ಸೇರಿ ಏಳು ಪ್ಲಾಸ್ಟರ್ ಪಟ್ಟಿ ಇತ್ತು.

"ಇದೇನು?"

"ಓ, ಇದಾ? ಗುಲಾಬಿ ಗಿಡ ಕತ್ತರಿಸುವಾಗ ಮುಳ್ಳು ಗೀರಿತು."

ಆ ಸಂಜೆ ಪೆಟ್ಟಿಗೆ ತರಲು ಅವನ ಮನೆಗೆ ಹೋದೆ. ಗುಲಾಬಿ ಹಾಗಿರಲಿ, ಅಡುಗೆಮನೆಯ ಕಿಟಕಿಯಲ್ಲಿ ಒಂದು ಕೊತ್ತಂಬರಿ ಗಿಡವೂ ಇರಲಿಲ್ಲ.

2. ಗಾತ್ರದ ಪ್ರಶ್ನೆ

ನಮ್ಮ ಕಟ್ಟಡದಲ್ಲಿ ಆರು ಮನೆ. ನೆಲಮಹಡಿಯಲ್ಲಿ ಕಿರಾಣಿ ಅಂಗಡಿ. ಅದನ್ನು ನಡೆಸುವ ಕಾಕ ಉಪ್ಪಿನಂಗಡಿ ಕಡೆಯ ಬ್ಯಾರಿ; ಕೊಂಕಣಿಯಲ್ಲಿ ಅಕ್ಕನಿಗೆ ಹೇಳುವ 'ಬಾಯ್'ಗೆ ಅಮ್ಮ ಸೇರಿಸಿ ನನ್ನನ್ನು ಬಾಯಮ್ಮ ಎನ್ನುತ್ತಿದ್ದ. ನನ್ನ ಎದುರು ಮನೆಯಲ್ಲಿ ನಮ್ಮವರೇ ಆದ ಕೊಂಕಣಿ ಕ್ರೈಸ್ತರು. ಗಂಡ ಬ್ಯಾಂಕಿನಲ್ಲಿ, ಹೆಂಡತಿ ಶಾಲೆಯಲ್ಲಿ ಎಲ್.ಕೆ.ಜಿ. ಟೀಚರ್. ಈ ಕತೆಗೆ ಇವರಿಬ್ಬರೇ ಸಾಕು, ಕಾಕ ಮತ್ತು ಟೀಚರ್. ಉಳಿದವರು ಡಚೆಸ್ ಬಂದ ಮರುದಿನದಿಂದ ಲಿಫ್ಟಿನಲ್ಲಿ ನನ್ನ ಜೊತೆ ಬರುವುದನ್ನೇ ಬಿಟ್ಟರು.

ಸುದ್ದಿ ಕೇಳಿ ಕಾಕ ಅಂಗಡಿಯ ಷಟರು ಅರ್ಧ ಎಳೆದು ಮೇಲೆ ಬಂದ. ಪೆಟ್ಟಿಗೆಗೆ ಒಂದು ಸುತ್ತು ಹಾಕಿದ. ಮುಖ ಬಾಡಿತು.

"ಇದೆಂತ ಬಾಯಮ್ಮ, ಹೆಬ್ಬಾವು ಅಂತ ಹೇಳಿ ಕೇರೆ ಮರಿ ತೋರಿಸ್ತೀರಿ? ನಮ್ಮ ಊರಿನ ಹೆಬ್ಬಾವು ಆಡು ನುಂಗ್ತದೆ."

"ಇದು ಸಣ್ಣ ಜಾತಿ ಕಾಕ."

"ಸಣ್ಣ ಜಾತಿ ಅಂದ್ರೂ ಒಂದು ಮರ್ಯಾದೆ ಬೇಡ್ವಾ ಮಾರಾಯ್ರೆ? ಇದನ್ನು ನೋಡ್ಲಿಕ್ಕೆ ನಾನು ಗಿರಾಕಿ ಬಿಟ್ಟು ಬಂದೆ!"

ಹೇಳುತ್ತಾ ಗಾಜಿನ ಮೇಲೆ ಬೆರಳಿಂದ ಟಕ್ ಟಕ್ ಎಂದು ಬಡಿದ. ಡಚೆಸ್ ಕುತ್ತಿಗೆಯನ್ನು ಕೊಕ್ಕೆಯ ಹಾಗೆ ಬಾಗಿಸಿ, ಸೈಕಲ್ ಟ್ಯೂಬಿನ ಗಾಳಿ ಬಿಟ್ಟಂತೆ ಬುಸುಗುಟ್ಟಿ, ಬಾಯಿ ತೆರೆದು ಗಾಜಿಗೆ ಅಪ್ಪಳಿಸಿತು. ಕಾಕ ಹಿಂದಕ್ಕೆ ಹಾರಿ ನನ್ನ ಸೋಫಾದ ಮೇಲೆ ಬಿದ್ದ. ಕಾಲು ಮೇಲೆ, ಟೊಪ್ಪಿ ಕೆಳಗೆ. ಸ್ವಲ್ಪ ಹೊತ್ತು ಹಾಗೇ ಮಲಗಿ ಯೋಚಿಸಿದ.

"ಹಾಂ" ಎಂದ, "ಇಲ್ಲಿಂದ ನೋಡಿದ್ರೆ ದೊಡ್ಡದೇ ಕಾಣ್ತದೆ."

3. ಯಜಮಾನರ ಷರತ್ತು

ವಾರದೊಳಗೆ ಕಟ್ಟಡದ ಯಜಮಾನರಿಗೆ ದೂರು ಹೋಯಿತು. ಕೊಟ್ಟವರು ಟೀಚರ್. ಮನೆಯಲ್ಲಿ ಎರಡು ಮಕ್ಕಳಿರುವ ತಾಯಿ, ನಾನಾದರೂ ಕೊಡುತ್ತಿದ್ದೆ.

ಯಜಮಾನರು ಒಮಾನಿ, ಆದರೆ ಹುಟ್ಟಿ ಬೆಳೆದದ್ದು ಜಂಜಿಬಾರಿನಲ್ಲಿ. ಅವರ ವಯಸ್ಸಿನ ಎಷ್ಟೋ ಜನ ಹಾಗೆ ಅಲ್ಲಿಂದ ಮರಳಿದವರು. ನನಗೆ ಮನೆ ಸಿಕ್ಕಿದ್ದೇ ನನ್ನ ದಾರೆಸ್ಸಲಾಮಿನ ಹರಕು ಸ್ವಾಹಿಲಿಯಿಂದ. ಬೇರೆ ಕಡೆಯೆಲ್ಲ ಮೊದಲ ಪ್ರಶ್ನೆ "ಗಂಡ ಎಲ್ಲಿ?", ಎರಡನೆಯದು "ಹಾಗಾದರೆ ಅಣ್ಣ ಎಲ್ಲಿ?" ಐದು ತಿಂಗಳು ಅಲೆದಿದ್ದೆ. ಇವರೊಬ್ಬರು ಮಾತ್ರ ಕೇಳಿದ್ದು, "ಎಷ್ಟು ದಿನ ಇರುತ್ತೀ?" ಎಂದು. ಒಂದು ವರ್ಷವಾದರೂ ಇರುತ್ತೇನೆ ಎಂದೆ. "ನಿನ್ನ ಚಪ್ಪಲಿ ನೋಡಿದರೆ ಹಾಗೆ ಅನಿಸುವುದಿಲ್ಲ" ಎಂದಿದ್ದರು. ಆ ಮನೆ ಹೋದರೆ ನನಗೆ ಮಸ್ಕತ್ತಿನಲ್ಲಿ ಇನ್ನೊಂದು ಮನೆ ಇಲ್ಲ.

ಬೇಡಿಕೊಳ್ಳಲು ಅವರ ಮನೆಗೇ ಹೋದೆ. ಅರಬರ ಕಾಫಿ ಖಾವಾ ಕೊಟ್ಟರು, ಖರ್ಜೂರ ಕೊಟ್ಟರು, ಬಿಂತಿ, ಅಂದರೆ ಮಗಳೇ, ಎಂದು ಮಾತು ಶುರುಮಾಡಿದರು.

"ಹೆಬ್ಬಾವು ಕೆಟ್ಟ ಪ್ರಾಣಿ ಅಲ್ಲ ಬಿಂತಿ. ನನ್ನ ಅಜ್ಜಿ ಲವಂಗದ ಗೋದಾಮಿನಲ್ಲಿ ಇಲಿಗಾಗಿ ಒಂದನ್ನು ಬಿಟ್ಟುಕೊಂಡಿದ್ದಳು. ಆದರೆ ಅಜ್ಜಿಯದು ಕಚ್ಚುತ್ತಿರಲಿಲ್ಲ. ನಿನ್ನದು ಕಚ್ಚುತ್ತದಂತೆ."

"ಪಳಗಿಸುತ್ತೇನೆ ಬಾಬಾ."

"ಸರಿ. ರಂಜಾನ್ ಮುಗಿದು ಈದ್‌ನ ಎರಡನೇ ದಿನ ನಾನೇ ಬರುತ್ತೇನೆ. ನನ್ನ ಕೈಯಲ್ಲೇ ಹಿಡಿಯುತ್ತೇನೆ. ಕಚ್ಚದಿದ್ದರೆ ಇಬ್ಬರೂ ಇರಿ. ಕಚ್ಚಿದರೆ ಇಬ್ಬರೂ ಹೊರಡಿ."

"ಇಬ್ಬರೂ ಯಾಕೆ ಬಾಬಾ? ಕಚ್ಚುವುದು ಅದೊಂದೇ ಅಲ್ಲವೇ..."

ಅಷ್ಟರಲ್ಲಿ ಅವರ ಹೆಂಡತಿ ಲೋಬಾನದ ಹೊಗೆಯಾಡುವ ಧೂಪದ ಬಟ್ಟಲು ತಂದು ನನ್ನ ಮುಂದೆ ಹಿಡಿದರು. ಅಲ್ಲಿನ ಪದ್ಧತಿ ಹಾಗೆ: ಧೂಪ ಬಂತೆಂದರೆ ಆತಿಥ್ಯ ಮುಗಿಯಿತು, ಅದಾದ ಮೇಲೆ ಅತಿಥಿ ಕೂರುವಂತಿಲ್ಲ. ಸೆರಗಿಗೆ, ಕೂದಲಿಗೆ ಹೊಗೆ ತಗುಲಿಸಿಕೊಂಡು ಎದ್ದು ಬಂದೆ. ನನ್ನ ವಾದವೆಲ್ಲ ಬಾಯಲ್ಲೇ ಉಳಿಯಿತು. ನಮ್ಮ ಆಫೀಸಿನ ಸೋಮವಾರದ ಮೀಟಿಂಗಿಗೂ ಇಂಥದ್ದೊಂದು ಬಟ್ಟಲು ಬೇಕೆಂದು ಅಂದೇ ಅನಿಸಿತು.

4. ಬಿ ಸೆಕ್ಷನ್

ಎಂಜಿನಿಯರನ ಹಾಳೆಯಲ್ಲಿ ಕ್ರಮ ಬರೆದಿತ್ತು. ದಿನಾ ಹದಿನೈದು ನಿಮಿಷ ಕೈಯಲ್ಲಿ ಹಿಡಿಯಬೇಕು. ಅದೇ ಹೊತ್ತು, ಅದೇ ಕುರ್ಚಿ. ಮೇಲಿನಿಂದ ಕೈ ಹಾಕಬಾರದು, ಗಿಡುಗವೆಂದು ತಿಳಿಯುತ್ತದೆ. ನೀವು ಉಟ್ಟು ಬಿಟ್ಟ ಬಟ್ಟೆಯೊಂದನ್ನು ಪೆಟ್ಟಿಗೆಯಲ್ಲಿ ಹಾಕಿ, ನಿಮ್ಮ ವಾಸನೆ ಅಭ್ಯಾಸವಾಗಲಿ. ಊಟವಾದ ಮೇಲೆ ಎರಡು ದಿನ ರಜೆ. ಪೊರೆ ಬಿಡುವ ಮುಂಚೆ ಕಣ್ಣು ಮಂಜಾಗುತ್ತದೆ, ಆಗ ವಾರವಿಡೀ ರಜೆ. ಇಷ್ಟು ರಜೆ ನನಗೂ ಇರಲಿಲ್ಲ.

ಮೊದಲ ದಿನ ಓವನ್ ಕೈಗವಸು ಹಾಕಿಕೊಂಡು ಹಿಡಿದೆ. ಡಚೆಸ್ ಕೈಗವಸಿಗೆ ಕಚ್ಚಿ, ಮೈತುಂಬ ನಾರುವ ನೀರು ಬಿಟ್ಟಿತು. ಪೆಟ್ಟಿಗೆಯೊಳಗೆ ಬಿಟ್ಟು ಓಡಿ ಸ್ನಾನ ಮಾಡಿದೆ. ಎರಡನೇ ದಿನವೂ ಹಾಗೇ. ನಾಲ್ಕನೇ ದಿನ ಬಾಗಿಲು ತೆರೆದೇ ಇತ್ತು. ಹೊರಗೆ ಟೀಚರ್ ನಿಂತು ನೋಡುತ್ತಿದ್ದರು.

"ಬಾಯ್, ನೀವು ಮಾಡೋದು ತಪ್ಪು."

"ನಿಮಗೆ ಹಾವಿನ ವಿಷಯ ಗೊತ್ತುಂಟಾ ಟೀಚರ್?"

"ಹಾವಿನ ವಿಷಯ ಗೊತ್ತಿಲ್ಲ. ಅದು ಬುಸ್ ಅಂದ ಕೂಡಲೇ ನೀವು ಒಳಗೆ ಬಿಡ್ತೀರಿ. ಹಾಗಾದ್ರೆ ಬುಸ್ ಅಂದ್ರೆ ಮನೆಗೆ ಕಳಿಸ್ತಾರೆ ಅಂತ ಕಲಿತುಬಿಡ್ತದೆ. ಏಪ್ರಿಲಿನಲ್ಲಿ ಹೊಸ ಮಕ್ಕಳು ಬರ್ತಾವಲ್ಲ, ಅತ್ತ ಕೂಡಲೇ ಅಮ್ಮನ ಹತ್ತಿರ ಕಳಿಸಿದ್ರೆ ಮಾರ್ಚಿನವರೆಗೂ ಅಳ್ತಾವೆ. ಸುಮ್ಮನೆ ಹಿಡ್ಕೊಂಡು ಕೂತಿರಿ. ಮಾತಾಡ್ಬೇಡಿ, ಮುದ್ದು ಮಾಡ್ಬೇಡಿ, ಬೈಬೇಡಿ. ಅದು ಸುಮ್ಮನಾದ ಮೇಲೇ ಒಳಗೆ ಬಿಡಿ."

ಹಾಳೆ ತೆಗೆದು ನೋಡಿದೆ. ಒಂಬತ್ತನೇ ಸಾಲಿನಲ್ಲಿ ಇದೇ ಬರೆದಿತ್ತು.

"ಆದರೆ ಟೀಚರ್, ಇದು ಕಚ್ಚುತ್ತದಲ್ಲ?"

ಟೀಚರ್ ತಮ್ಮ ರವಿಕೆಯ ತೋಳು ಮೇಲೆತ್ತಿ ಮೊಣಕೈಯ ಬಳಿ ಅರ್ಧಚಂದ್ರದಂಥ ಕಲೆ ತೋರಿಸಿದರು. ಹಲ್ಲಿನ ಗುರುತು ಸ್ಪಷ್ಟ.

"ಇದು ಬಿ ಸೆಕ್ಷನ್" ಎಂದರು.

5. ಸಾಧುಗಳ ಕಟ್ಟಡ

ಆ ವರ್ಷ ರಂಜಾನೂ ನಮ್ಮ ಈಸ್ಟರಿಗೆ ಮುಂಚಿನ ತಪಸ್ಸು ಕಾಲವೂ ಹೆಚ್ಚುಕಡಿಮೆ ಒಟ್ಟಿಗೇ ಶುರುವಾದವು. ಆಫೀಸು ಮಧ್ಯಾಹ್ನ ಎರಡಕ್ಕೇ ಮುಗಿಯುತ್ತಿತ್ತು. ನಾಲ್ಕು ಗಂಟೆಗೆ ಸರಿಯಾಗಿ ನಾನು ಕುರ್ಚಿಯಲ್ಲಿ, ಡಚೆಸ್ ನನ್ನ ಮಡಿಲಲ್ಲಿ, ಓವನ್ ಕೈಗವಸು ಅಡುಗೆಮನೆಯಲ್ಲಿ.

ಆದರೆ ಅದಕ್ಕೆ ಹಿಂದಿನ ಶುಕ್ರವಾರ, ಅಲ್ಲಿಯ ವಾರದ ರಜೆಯಂದು, ಒಂದು ಅನಾಹುತ ಆಗಿತ್ತು. ಇಗರ್ಜಿಯಿಂದ ಬಂದು, ಕೋಳಿ ಸಾರಿನಲ್ಲಿ ರೊಟ್ಟಿ ನೆನೆಸಿ ತಿಂದು, ಕೈಗೆ ಒಂದು ಚೊಂಬು ನೀರು ಹಾಕಿಕೊಂಡು ಡಚೆಸ್‌ನ ಹತ್ತಿರ ಹೋಗಿದ್ದೆ. ಬುಸ್ ಎನ್ನಲೂ ಇಲ್ಲ. ನೇರ ಹೆಬ್ಬೆರಳಿಗೇ ಬಾಯಿ ಹಾಕಿ ಸುತ್ತಿಕೊಂಡಿತು. ಮುನಿಸು ಎಂದುಕೊಂಡೆ.

ತಪಸ್ಸು ಕಾಲ ಶುರುವಾದ ಮೇಲೆ ಆ ಮುನಿಸು ಹೇಳಹೆಸರಿಲ್ಲದೆ ಹೋಯಿತು. ಬುಸುಗುಟ್ಟುವುದು ನಿಂತಿತು. ಕುತ್ತಿಗೆಯ ಕೊಕ್ಕೆ ಸಡಿಲವಾಯಿತು. ಮೂರನೇ ವಾರ ನಾಲಿಗೆ ಚಾಚುತ್ತಾ ನನ್ನ ಮೊಣಕೈವರೆಗೆ ಹತ್ತಿತು. ಅದು ಅವಳಾದದ್ದು ಆ ಹೊತ್ತಿಗೆ. ಕಾಕ ಉಪವಾಸದ ಕೊನೆಯ ಗಂಟೆಗಳನ್ನು ಕಳೆಯಲು ದಿನಾ ಬಂದು ಎದುರಿಗೆ ಕೂರುತ್ತಿದ್ದ. ಟೀಚರ್ ಮಕ್ಕಳ ನೋಟ್‌ಬುಕ್ ತಿದ್ದುತ್ತಾ ಕೂರುತ್ತಿದ್ದರು. ಕಡೆಗೆ ಕಾಕನೂ ಬೆರಳಿಂದ ಅವಳ ಬೆನ್ನು ಸವರಿದ. ಅವಳು ಕಣ್ಣೂ ಮಿಟುಕಿಸಲಿಲ್ಲ. ಹಾವಿಗೆ ರೆಪ್ಪೆ ಇಲ್ಲವೆಂದು ಯಾರೂ ಅವನಿಗೆ ಹೇಳಲಿಲ್ಲ.

ನಾನೂ ಟೀಚರೂ ಮಾಂಸ ಬಿಟ್ಟು ಒಂದು ತಿಂಗಳು ಸಮೀಪಿಸುತ್ತಿತ್ತು. ಡಚೆಸ್‌ಗೆ ಕೋಳಿಮರಿ ಕರಗಿಸಲೆಂದು ನಾನು ಫ್ರೀಜರು ತೆರೆದಾಗ ಟೀಚರ್ ಇಣುಕಿದರು.

"ಇವಳೂ ತಪಸ್ಸು ಕಾಲ ಆಚರಿಸಬಹುದಿತ್ತಲ್ಲ?"

"ಇವಳು ಕ್ರೈಸ್ತಳಲ್ಲ ಟೀಚರ್."

ಕಾಕ ಗಡಿಯಾರ ನೋಡುತ್ತಾ ನಿಟ್ಟುಸಿರು ಬಿಟ್ಟ. "ನಮ್ಮವಳೂ ಅಲ್ಲ. ಹಗಲಲ್ಲೇ ತಿಂತಾಳೆ."

6. ಹಬ್ಬದ ವಾಸನೆ

ಈದ್‌ನ ಮೊದಲ ದಿನ ಕಾಕ ಹೊಸ ಅಂಗಿ ಹಾಕಿ, ತಟ್ಟೆ ತುಂಬ ಕೋಳಿ ಬಿರಿಯಾನಿ ಹಿಡಿದು ಬಂದ.

"ಬಾಯಮ್ಮ, ನಿಮ್ಮ ಉಪವಾಸ ಗೊತ್ತುಂಟು. ಫ್ರೀಜರಿನಲ್ಲಿ ಇಡಿ, ಈಸ್ಟರಿಗೆ ತಿನ್ನಿ. ನಮ್ಮ ಹುಡುಗಿ ಎಲ್ಲಿ? ಹಬ್ಬದ ಸಲಾಂ ಹೇಳ್ತೇನೆ."

ಪೆಟ್ಟಿಗೆಯ ಮುಚ್ಚಳ ಅವನೇ ತೆರೆದ. ಒಂದು ತಿಂಗಳ ಸಲುಗೆ. ಕೈ ಒಳಗೆ ಹೋಯಿತು. ಮರುಕ್ಷಣ ಡಚೆಸ್ ಅವನ ತೋರುಬೆರಳಿನಲ್ಲಿ ನೇತಾಡುತ್ತಿದ್ದಳು. ಕಾಕ ಉಪ್ಪಿನಂಗಡಿಯ ಪೀರರನ್ನೂ, ನಾನು ಸಂತ ಅಂತೋನಿಯವರನ್ನೂ ಕರೆದೆವು. ಬಂದದ್ದು ಟೀಚರ್. ಡಚೆಸ್‌ನ ಬಾಯಿಯ ಮೇಲೆ ತಣ್ಣೀರು ಹನಿಸಿ ಬಿಡಿಸಿದರು. ಆಮೇಲೆ ಕಾಕನ ಕೈಯನ್ನು ಮೂಗಿಗೆ ಹಿಡಿದು ಕೇಳಿದರು.

"ಎಂತ ವಾಸನೆ ಇದು?"

"ಹಬ್ಬದ ವಾಸನೆ ಟೀಚರ್! ಎಂಟು ಕೋಳಿ ನಾನೇ ಕೊಚ್ಚಿದ್ದು."

ನಾನು ಹಾಳೆ ತೆಗೆದೆ. ಕೊನೆಯ ಸಾಲು: 'ಸೋಪು ಹಾಕಿ ಕೈ ತೊಳೆದೇ ಮುಟ್ಟುವುದು.' ಬಿಳಿಯರ ಶುಚಿಯ ಗೀಳು ಎಂದು ಆ ಸಾಲನ್ನು ನಾನು ಓದಿಯೂ ಬಿಟ್ಟಿದ್ದೆ. ಹೆದರಿ ಕಚ್ಚುವುದನ್ನು ಡಚೆಸ್ ನಿಜಕ್ಕೂ ಬಿಟ್ಟಿದ್ದಳು. ಅದು ದಿನದ ಹದಿನೈದು ನಿಮಿಷದ ಫಲ. ಆದರೆ ಕೋಳಿಯೆಂದು ಕಚ್ಚುವುದನ್ನು ಬಿಡಲು ಅವಳಿಗೆ ಕಾರಣವೇ ಇರಲಿಲ್ಲ. ಒಂದು ತಿಂಗಳಿಂದ ಅವಳನ್ನು ಮುಟ್ಟಿದವರೆಲ್ಲ ಉಪವಾಸದವರು.

"ನಾಳೆ ಅರ್ಬಾಬ್ ಬರ್ತಾರೆ" ಎಂದ ಕಾಕ, ಬೆರಳಿಗೆ ಪಟ್ಟಿ ಸುತ್ತಿಕೊಳ್ಳುತ್ತಾ. "ಈದ್‌ನ ಎರಡನೇ ದಿನ. ಅವರ ಕೈಯಲ್ಲಿ ಎಂತ ವಾಸನೆ ಇರ್ತದೆ ಅಂತ ಗೊತ್ತುಂಟಲ್ಲ?"

ಗೊತ್ತಿತ್ತು. ಮಂಚದಡಿಯಿಂದ ಸೂಟ್‌ಕೇಸು ಎಳೆದು ಧೂಳು ಒರೆಸಿದೆ. ಆಶ್ಚರ್ಯವೆಂದರೆ, ಹುಟ್ಟಿದಾರಭ್ಯ ಮೊದಲ ಸಲ ಅದನ್ನು ನೋಡಿ ನನಗೆ ಬೇಸರವಾಯಿತು. ಬೆಳಿಗ್ಗೆ ಮೂರು ಮನೆಯವರು ಸಮಾಲೋಚಿಸಿ ಕಾಕನ ಬೆರಳಿನ ಬಗ್ಗೆ ಒಂದೇ ಹೇಳಿಕೆ ಕೊಡುವುದೆಂದು ತೀರ್ಮಾನಿಸಿದೆವು: ಗುಲಾಬಿ ಮುಳ್ಳು.

7. ಧೂಪ

ಯಜಮಾನರು ಹನ್ನೊಂದು ಗಂಟೆಗೆ ಬಂದರು. ದಿಶ್ದಾಶ ಎಂಬ ಉದ್ದನೆಯ ಬಿಳಿ ನಿಲುವಂಗಿ, ಕಸೂತಿ ಟೊಪ್ಪಿ, ಗಾಡಿಯಲ್ಲಿ ಮಗ ಕಾಯುತ್ತಿದ್ದ. ಕಾಕನೂ ಟೀಚರೂ ಸಾಕ್ಷಿಗಳ ಹಾಗೆ ಗೋಡೆಗೆ ಒರಗಿ ಕೂತಿದ್ದರು.

"ಇದು ಆರನೇ ಮನೆ" ಎಂದರು ಯಜಮಾನರು ಸಂತೋಷದಿಂದ. "ಐದು ಕಡೆ ಊಟ ಆಯಿತು. ಎರಡು ಕಡೆ ಕೋಳಿ, ಮೂರು ಕಡೆ ಹೊಂಡದಲ್ಲಿ ಬೇಯಿಸಿದ ಮಾಂಸ."

ಹೇಳುವ ಅಗತ್ಯವೇ ಇರಲಿಲ್ಲ. ನನಗೇ ಬಾಯಲ್ಲಿ ನೀರೂರುತ್ತಿತ್ತು. ಡಚೆಸ್‌ನ ಗತಿ ಏನು? ಹಲ್ವಾ ಕೊಟ್ಟೆ, ಬೆರಳು ಅಂಟಾಗಲೆಂದು. ಅಂಟಾಯಿತು. ಬೇಸಿನ್, ಸೋಪು, ಟವೆಲು ತಂದೆ. ಅವರು ದೊಡ್ಡ ಮನುಷ್ಯರ ರೀತಿಯಲ್ಲಿ ಮೂರು ಬೆರಳಿನ ತುದಿ ಮಾತ್ರ ಅದ್ದಿ ಒರೆಸಿಕೊಂಡರು. ಅಂಗೈ, ಮಣಿಕಟ್ಟು, ತೋಳಿನ ಅಂಚು ಎಲ್ಲವೂ ಹಾಗೇ ಘಮಘಮಿಸುತ್ತಿತ್ತು.

ಆಗ ನನಗೆ ಲೋಬಾನ ಹೊಳೆಯಿತು. ಅವರು ಹೊರಡುವಾಗ ಹಿಡಿಯಲೆಂದು ಸಿದ್ಧಮಾಡಿಟ್ಟಿದ್ದ ಕೆಂಡದ ಮೇಲೆ ಒಂದು ಹಿಡಿ ಸುರಿದು, ಹೊಗೆ ಕಕ್ಕುವ ಬಟ್ಟಲನ್ನು ಅವರ ಮುಂದೆ ಹಿಡಿದೆ. "ಕೈಗೆ ಬಾಬಾ, ಎರಡೂ ಕೈಗೆ. ತೋಳಿನ ಒಳಗೂ."

ಯಜಮಾನರ ಮುಖ ನಿಧಾನವಾಗಿ ಬದಲಾಯಿತು. ಬಂದು ಹತ್ತು ನಿಮಿಷ ಆಗಿರಲಿಲ್ಲ. ಖಾವಾ ಅರ್ಧ ಉಳಿದಿತ್ತು. ಕಾಕ ನನ್ನ ಕಿವಿಯ ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದ:

"ಎಂತ ಮಾಡಿದ್ರಿ ಬಾಯಮ್ಮ! ಹಬ್ಬದ ದಿನ ಅರ್ಬಾಬನ್ನೇ ಎದ್ದು ಹೋಗಿ ಅಂತ ಹೇಳಿದ ಹಾಗಾಯ್ತಲ್ಲ!"

ಪದ್ಧತಿ ನನಗೆ ಗೊತ್ತಿರಲಿಲ್ಲವೆಂದಲ್ಲ. ಹೆಬ್ಬಾವಿನ ಮೂಗಿನ ಯೋಚನೆಯಲ್ಲಿ ಯಜಮಾನರ ಮರ್ಯಾದೆ ಮರೆತಿತ್ತು.

ಅವರು ಪದ್ಧತಿ ಬಿಡುವವರಲ್ಲ. ಗಡ್ಡಕ್ಕೆ, ಕೈಗೆ, ತೋಳಿಗೆ ಧೂಪ ತಗುಲಿಸಿಕೊಂಡು ಎದ್ದು ನಿಂತರು. "ಖಲಾಸ್. ಧೂಪ ಆಯಿತು, ಕೂರುವುದಿಲ್ಲ. ನಿಂತೇ ನೋಡುತ್ತೇನೆ. ತಾ ನಿನ್ನ ಮಗಳನ್ನು."

ಡಚೆಸ್‌ನ ಹೊಟ್ಟೆಯಡಿ ಕೈ ಕೊಟ್ಟು ಎತ್ತಿ, ಪಕ್ಕದಿಂದ ಅವರ ಅಂಗೈ ಮೇಲೆ ಇಟ್ಟೆ. ಟೀಚರ್ ಕಣ್ಣು ಮುಚ್ಚಿ ಶಿಲುಬೆ ಗುರುತು ಹಾಕಿಕೊಂಡರು. ಡಚೆಸ್ ನಾಲಿಗೆ ಚಾಚಿದಳು. ಒಮ್ಮೆ, ಎರಡು ಸಲ. ಬರೀ ಲೋಬಾನ. ಬಾಯಿ ತೆರೆಯಲಿಲ್ಲ. ನಾನು ಉಸಿರು ಬಿಟ್ಟೆ.

ಬಿಡಬಾರದಿತ್ತು. ಹೊರಗೆ ಏಸಿಯ ಚಳಿ, ದಿಶ್ದಾಶದ ಅಗಲ ತೋಳಿನೊಳಗೆ ಐದು ಮನೆಯ ಊಟ ಮಾಡಿದ ಬೆಚ್ಚನೆ ಮೈ. ಡಚೆಸ್ ತಲೆ ಒಳಗಿಟ್ಟಳು. ನೋಡನೋಡುತ್ತಿದ್ದಂತೆ ನಾಲ್ಕಡಿಯೂ ಒಳಗೆ ಹೋಯಿತು. ಯಜಮಾನರ ಬಲತೋಳು ನಿಧಾನವಾಗಿ ಉಬ್ಬಿತು. ಉಬ್ಬು ಮೊಣಕೈ ದಾಟಿತು, ಕಂಕುಳಿಗೆ ಬಂದು ನಿಂತಿತು.

"ಬಿಂತಿ" ಎಂದರು, ತುಟಿ ಮಾತ್ರ ಅಲ್ಲಾಡಿಸಿ. "ಈಗ?"

"ಎಳೆಯಬಾರದು ಬಾಬಾ. ತಾನಾಗಿ ಬರುವವರೆಗೆ ಸುಮ್ಮನೆ ಕೂತಿರಬೇಕು."

"ಕೂರುವುದಾ? ಧೂಪ ಆದ ಮೇಲೆ?"

"ಬೇರೆ ದಾರಿ ಇಲ್ಲ."

ಕೂತರು. ತೋಳನ್ನು ಮಗು ಎತ್ತಿಕೊಂಡವರ ಹಾಗೆ ಚಾಚಿ, ಒಂದೂವರೆ ಗಂಟೆ ಕೂತರು. ಖಾವಾ ಮತ್ತೆ ಬಂತು, ಹಲ್ವಾ ಮತ್ತೆ ಬಂತು. ಎಡಗೈಗೆ ಅಭ್ಯಾಸವಿಲ್ಲವೆಂದು ಕಾಕನೇ ಅವರಿಗೆ ತಿನ್ನಿಸಿದ. ಅಜ್ಜಿಯ ಗೋದಾಮಿನ ಕತೆ ಪೂರ್ತಿ ಹೇಳಿದರು. ಅಜ್ಜಿಯ ಹೆಬ್ಬಾವೂ ಕಚ್ಚುತ್ತಿತ್ತೆಂಬುದು ಆ ಕತೆಯ ಕೊನೆಯಲ್ಲಿ ಹೊರಬಿತ್ತು. ಕೆಳಗೆ ಮಗ ಹಾರ್ನ್ ಹೊಡೆದು ಹೊಡೆದು ಬೇಸತ್ತು ಮೇಲೆ ಬಂದ. ಅಪ್ಪನನ್ನು ನೋಡಿದ, ತೋಳು ನೋಡಿದ, ತೋಳು ಅಲುಗಿದ್ದು ನೋಡಿದ. ಗಾಡಿಗೇ ಹಿಂದಿರುಗಿ ಬಾಗಿಲು ಹಾಕಿಕೊಂಡ.

ಕೊನೆಗೆ ದಾರಿ ತೋರಿಸಿದವರು ಟೀಚರ್. "ಬಾ ಅಂದ್ರೆ ಯಾವ ಮಗುವೂ ಬರೋದಿಲ್ಲ. ಅಲ್ಲಿಗಿಂತ ಒಳ್ಳೆ ಜಾಗ ತೋರಿಸ್ಬೇಕು" ಎಂದು ಬಿಸಿನೀರಿನ ಚೀಲ ತಂದು, ಡಚೆಸ್‌ನ ಪೆಟ್ಟಿಗೆಯಲ್ಲಿದ್ದ ನನ್ನ ಹಳೇ ನೈಟಿಯಲ್ಲಿ ಸುತ್ತಿ, ನನ್ನ ಮಡಿಲಲ್ಲಿಟ್ಟು, ನನ್ನನ್ನು ಯಜಮಾನರ ಪಕ್ಕ ಕೂರಿಸಿದರು. ಸ್ವಲ್ಪ ಹೊತ್ತಿಗೆ ತೋಳಿನ ಅಂಚಿನಿಂದ ಒಂದು ಮೂತಿ ಹೊರಗೆ ಬಂತು. ನಾಲಿಗೆ ಚಾಚಿತು. ನೈಟಿಯನ್ನು ಗುರುತಿಸಿ, ನಾಲ್ಕಡಿ ಉದ್ದಕ್ಕೂ ತಾನಾಗಿ ಇಳಿದು ಬಂದು ನನ್ನ ಮಡಿಲಲ್ಲಿ ಸುತ್ತಿ ಕೂತಳು. ನಾನು ಹಿಡಿಯದೆ ಅವಳು ನನ್ನ ಬಳಿ ಬಂದದ್ದು ಅದೇ ಮೊದಲು. ಸವರಲು ಎತ್ತಿದ ಕೈ ಹಿಂದೆ ತೆಗೆದೆ. ಮುದ್ದು ಮಾಡಬಾರದೆಂದು ಟೀಚರ್ ಹೇಳಿದ್ದರಲ್ಲ.

ಯಜಮಾನರು ತೋಳು ಕೊಡವಿ ಎದ್ದರು.

"ಕಚ್ಚಲಿಲ್ಲ" ಎಂದರು. "ಮಾತು ಮಾತೇ. ಇಬ್ಬರೂ ಇರಿ. ಅವಳಿಗೆ ಒಂದೆಡೆ ಕೂರುವುದು ಚೆನ್ನಾಗಿ ಗೊತ್ತು. ನೀನೂ ಸ್ವಲ್ಪ ಕಲಿತುಕೋ."

ಸಲ್ಲಬೇಕಾದ ಮರ್ಯಾದೆ ಈಗಲಾದರೂ ಸಲ್ಲಲೆಂದು ಡಚೆಸನ್ನು ಪೆಟ್ಟಿಗೆಗೆ ಬಿಟ್ಟು, ಬಟ್ಟಲಿಗೆ ಹೊಸ ಕೆಂಡ ಹಾಕಿ, ಲೋಬಾನ ಸುರಿದು, ಬಾಗಿಲ ಹತ್ತಿರ ಅವರ ಮುಂದೆ ಭಕ್ತಿಯಿಂದ ಹಿಡಿದೆ.

ಯಜಮಾನರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು.

"ಬೇಡ ಬಿಂತಿ, ಬೇಡ. ಬೇರೆಯವರ ಮನೆಯಲ್ಲಿ ಧೂಪ ಆದರೆ ಎದ್ದು ಹೋಗಬಹುದು. ನಿನ್ನ ಮನೆಯಲ್ಲಿ ಧೂಪ ಆದ ಮೇಲೇ ಕೂರಬೇಕಾಗುತ್ತದೆ!"